ದಿನಕ್ಕೊಂದು ಬೋಲ್ಟು

"ಹಣಕಾಸಿನ ಪಾಠ ತಾನೇ? ನನಗೆ ಬಿಡಿ!" ಎಂದು ಸಿಬ್ಬಂದಿ ಸಭೆಯಲ್ಲಿ ಎದೆ ತಟ್ಟಿಕೊಂಡು ಎದ್ದು ನಿಂತವನು ನಾನೇ, ವೆಂಡೆಲ್ ಹಾಫ್‌ಮನ್. ಯಾರೂ ನನ್ನನ್ನು ಹಿಂದಿನಿಂದ ತಳ್ಳಲಿಲ್ಲ.

ನಮ್ಮ ನೆಬ್ರಾಸ್ಕದಲ್ಲಿ ಹೈಸ್ಕೂಲು ಮುಗಿಸಬೇಕಾದರೆ ಇನ್ನು ಮೇಲೆ ಹಣಕಾಸಿನ ಪಾಠ ಕಡ್ಡಾಯ ಎಂದು ಕಾನೂನು ಬಂತು. ಕಾನೂನೇನೋ ಬಂತು, ಮೇಷ್ಟ್ರು ಬರಲಿಲ್ಲ! ಇಪ್ಪತ್ತೊಂಬತ್ತು ವರ್ಷದಿಂದ ಮರಗೆಲಸ ಕಲಿಸುತ್ತಿದ್ದ ನನ್ನನ್ನು ಹೆಡ್‌ಮಿಸ್ಟ್ರೆಸ್ ಗ್ರೆಚೆನ್ ಕನ್ನಡಕದ ಮೇಲಿಂದ ನೋಡಿದರು.

"ನಿಮಗೆ ಹಣಕಾಸು ಗೊತ್ತೇನ್ರೀ?"

"ಗೊತ್ತಾಗೋಕೆ ಏನಿದೆ ಮೇಡಂ? ಬಂದದ್ದಕ್ಕಿಂತ ಕಡಿಮೆ ಖರ್ಚು ಮಾಡೋದು. ಮುಗೀತು ಸಿಲಬಸ್ಸು!"

ಈಗ ನಿಮ್ಮ ಹತ್ತಿರ ನಿಜ ಹೇಳುತ್ತೇನೆ. ನಮ್ಮ ಮನೆಯಲ್ಲಿ ಕಪಾಟು ಕಟ್ಟುವವನು ನಾನು, ಬಿಲ್ಲು ಕಟ್ಟುವವಳು ನನ್ನ ಹೆಂಡತಿ ಲೊರೇನ್. ನಾಲ್ಕು ವರ್ಷದ ಹಿಂದೆ ಅವಳು ತಂಗಿಯ ಊರಾದ ಟೂಸಾನ್‌ಗೆ ಹೊರಟುಹೋದಳು. "ನಿನ್ನ ಜೊತೆ ಇರೋದೂ ಒಂದೇ, ಒಬ್ಬಳೇ ಇರೋದೂ ಒಂದೇ. ಅಲ್ಲಿ ಬಿಸಿಲಾದ್ರೂ ಇದೆ," ಎಂದಿದ್ದಳು. ಅಂದಿನಿಂದ ಎರಡನ್ನೂ ನಾನೇ ಕಟ್ಟುತ್ತಿದ್ದೇನೆ. ಈ ಪಾಠಕ್ಕೆ ಒಪ್ಪಿದ್ದು ಜ್ಞಾನದ ಬಲದಿಂದಲ್ಲ. ಆ ತರಗತಿ ಇದ್ದದ್ದು ದಿನದ ಕೊನೆಯ ಪಿರಿಯಡ್ಡಿಗೆ. ಮನೆಗೆ ಇನ್ನೊಂದು ಗಂಟೆ ತಡವಾಗಿ ಹೋಗಬಹುದಿತ್ತು.

ಮೊದಲ ತಿಂಗಳು ದಿಗ್ವಿಜಯವೋ ದಿಗ್ವಿಜಯ! ಚಕ್ರಬಡ್ಡಿಯನ್ನು ಚಕ್ರವ್ಯೂಹದಂತೆ ಭೇದಿಸಿದೆ. ಕಾರ್ಡ್ ಕಳ್ಳರ ವಿಷಯ ಬಂದಾಗಲಂತೂ ಸಿಂಹಗರ್ಜನೆ! "ಕದ್ದ ಕಾರ್ಡಿನಲ್ಲಿ ಕಳ್ಳರು ಮೊದಲು ಚಿಲ್ಲರೆ ಸಾಮಾನು ಕೊಂಡು ಪರೀಕ್ಷೆ ಮಾಡ್ತಾರೆ. ಅಂಥದ್ದು ಕಂಡರೆ ತಕ್ಷಣ ಬ್ಯಾಂಕಿಗೆ ತಿಳಿಸಿ! ಗುರುತಿಲ್ಲದ ನಂಬರಿನ ಕರೆ ಎತ್ತಲೇಬೇಡಿ!" ಮಕ್ಕಳು ಶ್ರದ್ಧೆಯಿಂದ ಬರೆದುಕೊಂಡರು. ನನಗೆ ಮುಳುವಾದದ್ದು ಆ ಶ್ರದ್ಧೆಯೇ.

ಒಂದು ಗುರುವಾರ, ನಿಜವಾದ ಮನುಷ್ಯನ ನಿಜವಾದ ಖರ್ಚು ತೋರಿಸೋಣವೆಂದು ನನ್ನದೇ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಹೆಸರಿಗೆ ಕಪ್ಪು ಮಸಿ ಬಳಿದು ಪರದೆಯ ಮೇಲೆ ಹಾಕಿದೆ. ಪುಟದ ಕೆಳಗೆ ಖಾತೆಯ ನಂಬರು ಇಣುಕುತ್ತಿದ್ದುದನ್ನು ನೋಡಲಿಲ್ಲ.

"ಇವರು ಮಿಸ್ಟರ್ ಎಕ್ಸ್. ಹೇಳಿ ನೋಡೋಣ, ಎಂಥ ಮನುಷ್ಯ?"

ಮುಂದಿನ ಬೆಂಚಿನ ಮರಿಸೋಲ್ ಎದ್ದಳು. ಹದಿನೇಳರ ಹುಡುಗಿ. ಅಪ್ಪನ ಟಾಕೋ ತಿಂಡಿ ಗಾಡಿಯ ವ್ಯವಹಾರವೆಲ್ಲ ಇವಳ ಬೆರಳ ತುದಿಯಲ್ಲಿ.

"ಒಂಟಿ ಮನುಷ್ಯ, ಸರ್."

"ಅದು ಹೇಗೆ ಹೇಳ್ತೀಯಮ್ಮ?"

"ದಿನಾ ಸಂಜೆ ದಿನಸಿ ಅಂಗಡೀಲಿ ನಾಲ್ಕೇ ಡಾಲರ್. ಒಬ್ಬರ ಊಟ ಅದು. ಆಮೇಲೆ ಪ್ರತಿ ಭಾನುವಾರ ಕಾರು ತೊಳೆಸ್ತಾರೆ. ಯಾರ ಮನೆಗೂ ಹೋಗಿದ್ದು ಕಾಣ್ಸಲ್ಲ, ಕಾರು ಮಾತ್ರ ಫಳಫಳ!"

ತರಗತಿ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

"ಇಲ್ಲಿ ನೋಡಿ ಸರ್, ಹಾರ್ಡ್‌ವೇರ್ ಅಂಗಡಿ. ಇವತ್ತು ಒಂದು ಡಾಲರ್. ನಾಳೆ ಎಂಬತ್ತು ಸೆಂಟ್. ನಾಡಿದ್ದು ಒಂದೂಕಾಲು. ತಿಂಗಳಲ್ಲಿ ಇಪ್ಪತ್ತೆರಡು ಸಲ! ತಲೆ ನೆಟ್ಟಗಿರೋರು ಯಾರಾದ್ರೂ ಹೀಗೆ ಮಾಡ್ತಾರಾ?"

"ಏನೋ... ರಿಪೇರಿ ಇರಬಹುದು," ಎಂದೆ.

"ಅಲ್ಲ ಸರ್! ನೀವೇ ಹೇಳಿದ್ರಲ್ಲ, ಕಾರ್ಡ್ ಕಳ್ಳರು! ಪಾಪ, ಯಾರೋ ಮುದುಕನ್ನ ದೋಚ್ತಾ ಇದಾರೆ!"

ಮುದುಕನಂತೆ! ನನಗಿನ್ನೂ ಐವತ್ತೆಂಟು!

ಆ ಕಳ್ಳ ನಾನೇ ಎಂದು ಅಲ್ಲೇ ಒಪ್ಪಿಕೊಂಡಿದ್ದರೆ ಕತೆ ಮುಗಿಯುತ್ತಿತ್ತು. ಹೇಗೆ ಒಪ್ಪಿಕೊಳ್ಳಲಿ? ಸ್ಕೂಲು ಬಿಟ್ಟ ಮೇಲೆ ನಾನು ಹಾರ್ಡ್‌ವೇರ್ ಅಂಗಡಿಗೆ ಹೋಗುತ್ತೇನೆ. ಅಲ್ಲಿ ಕೌಂಟರಿನಲ್ಲಿ ಎಪ್ಪತ್ತರ ಎಮೆಟ್ ಇದ್ದಾನೆ. ಒಂದು ಬೋಲ್ಟು ಕೊಂಡರೆ ಕಾಲು ಗಂಟೆ ಮಾತು ಸಿಗುತ್ತದೆ: ಮಳೆ, ಫುಟ್‌ಬಾಲು, ಅವನ ಮಂಡಿನೋವು. ಒಂದು ಡಬ್ಬಿ ಬೋಲ್ಟು ಕೊಂಡರೆ ಮುಗಿಯಿತು, ವರ್ಷವಿಡೀ ಬಾಯಿಗೆ ಬೋಲ್ಟು! ಅವನಿಗೆ ಅನುಮಾನ ಬರಬಾರದೆಂದು ದಿನಕ್ಕೊಂದು ಅಳತೆಯದು ಕೇಳುತ್ತಿದ್ದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ. ತಟ್ಟಲು ಬೇರೆ ಯಾರಿದ್ದರು?

ಮರಿಸೋಲ್‌ಳ ಚಿಕ್ಕಮ್ಮ ಎಲ್ವಿಯಾ ನಮ್ಮೂರ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಹುಡುಗಿ ಅಂದೇ ಖಾತೆಯ ನಂಬರು ಕೊಟ್ಟು ದೂರು ಹೇಳಿದಳು. ಎಲ್ವಿಯಾ ಕಾರ್ಡು ತಡೆಹಿಡಿದು, ವಿಚಾರಿಸಲು ನನಗೆ ಆರು ಸಲ ಫೋನ್ ಮಾಡಿದಳು. ಗುರುತಿಲ್ಲದ ನಂಬರು! ಆರು ಸಲವೂ ನಾನು ಎತ್ತಲಿಲ್ಲ. ಪಾಠ ಹೇಳಿದ ಮೇಲೆ ಪಾಲಿಸಬೇಡವೇ?

ಶುಕ್ರವಾರ ಸಂಜೆ ಒಬ್ಬರ ಊಟದ ಡಬ್ಬಿ ಹಿಡಿದು ದಿನಸಿ ಅಂಗಡಿಯ ಸಾಲಿನಲ್ಲಿ ನಿಂತೆ. ಕಾರ್ಡು ನಡೆಯಲಿಲ್ಲ. ಒರೆಸಿ ಹಾಕಿದೆ, ತಿರುಗಿಸಿ ಹಾಕಿದೆ, ಊದಿ ಹಾಕಿದೆ. ಊಹೂಂ! ಹಿಂದಿನಿಂದ ಪರಿಚಿತ ದನಿ ಬಂತು. ಹೆಡ್‌ಮಿಸ್ಟ್ರೆಸ್ ಗ್ರೆಚೆನ್!

"ಹಣಕಾಸಿನ ಮೇಷ್ಟ್ರೇ, ನಾಲ್ಕು ಡಾಲರ್ ನಾನು ಕೊಡಲೇನ್ರೀ?"

ಕೊಟ್ಟರು. ತೆಗೆದುಕೊಂಡೆ.

ಶನಿವಾರ ಬೆಳಿಗ್ಗೆ ಬ್ಯಾಂಕಿಗೆ ಓಡಿದೆ. ಎಲ್ವಿಯಾ ಕಡತ ನೋಡಿ, "ಸರ್, ಇದು ಜಂಟಿ ಖಾತೆ. ದೂರು ಬಂದಿರೋದ್ರಿಂದ ನಿಮ್ಮ ಮನೆಯವರೂ ಒಪ್ಪಬೇಕು," ಎಂದು ನಾನು ಬೇಡವೆನ್ನುವಷ್ಟರಲ್ಲಿ ಟೂಸಾನ್‌ಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿಬಿಟ್ಟಳು.

"ಹಲೋ?" ಎಂದಳು ಲೊರೇನ್. ಆ ದನಿ ಕೇಳಿ ಹದಿನಾಲ್ಕು ತಿಂಗಳಾಗಿತ್ತು. ನಾನು ಕೂದಲು ಸರಿಮಾಡಿಕೊಂಡೆ. ಫೋನಿಗೆ!

ಎಲ್ವಿಯಾ ಒಂದೊಂದೇ ಓದಿದಳು. "ಮೂರನೇ ತಾರೀಕು, ಒಂದು ಡಾಲರ್, ನೀವೇನಾ ಸರ್?"

"ನಾನೇ."

"ನಾಲ್ಕನೇ ತಾರೀಕು, ಎಂಬತ್ತು ಸೆಂಟ್?"

"ನಾನೇ ಕಣಮ್ಮ."

ಇಪ್ಪತ್ತೆರಡು ಸಲ ಹೀಗೆ ತಪ್ಪೊಪ್ಪಿಗೆ! ಕೊನೆಗೆ ಆ ಕಡೆಯಿಂದ ಪ್ರಶ್ನೆ ಬಂತು.

"ವೆಂಡೆಲ್, ಏನು ಕೊಂಡೆ ಅಷ್ಟು ಸಲ?"

"ಬೋಲ್ಟು."

"ಏನು ಮಾಡ್ತಿದ್ದೀಯ ಅದರಲ್ಲಿ?"

"ಏನೂ ಇಲ್ಲ. ಒಂದು ಕೊಂಡ್ರೆ ಎಮೆಟ್ ಕಾಲು ಗಂಟೆ ಮಾತಾಡ್ತಾನೆ."

ಎಲ್ವಿಯಾ ಪೆನ್ನಿನ ಮುಚ್ಚಳವನ್ನೇ ನೋಡುತ್ತ ಕೂತಳು.

"ನನ್ನ ಜೊತೆ ದಿನಕ್ಕೆ ಕಾಲು ಗಂಟೆ ಮಾತಾಡಿದ್ರೆ ನಾನು ಏನೂ ಚಾರ್ಜ್ ಮಾಡ್ತಿರಲಿಲ್ಲ," ಎಂದಳು ಲೊರೇನ್. ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಚೆನ್ನಾಗಿತ್ತು. "ಎಲ್ವಿಯಾ, ಅವನದೇ ಖರ್ಚು, ಕಾರ್ಡ್ ಬಿಟ್ಟುಬಿಡಿ. ಹಾಗೇ ಆ ಖಾತೆಯಿಂದ ನನ್ನ ಹೆಸರು ತೆಗೀಬೇಕು. ಎಲ್ಲಿ ಸಹಿ ಹಾಕಬೇಕು ಹೇಳಿ."

ಅಲ್ಲಿಂದ ಸೀದಾ ಹಾರ್ಡ್‌ವೇರ್ ಅಂಗಡಿಗೆ ನಡೆದೆ. ಇನ್ನು ಈ ನಾಟಕ ಸಾಕು! ಕೌಂಟರಿನ ಮೇಲೆ ಕೈಯಿಟ್ಟು, "ಎಮೆಟ್, ನೂರು ಬೋಲ್ಟಿನ ಡಬ್ಬಿ ಕೊಡು. ಇನ್ನು ಮೇಲೆ ಬಿಡಿ ವ್ಯಾಪಾರ ಬಂದ್!" ಎಂದು ಘೋಷಿಸಿದೆ.

ಎಮೆಟ್ ಸ್ಟೂಲಿನ ಮೇಲೆ ಕುಸಿದು ಕೂತ. "ಅಯ್ಯೋ, ಬದುಕಿದೆ ಕಣಯ್ಯ!"

"ಯಾಕೆ?"

"ಬಿಡಿ ಬೋಲ್ಟು ಮಾರೋದು ನಿಲ್ಸಿ ಎರಡು ವರ್ಷ ಆಯ್ತು. ಈಗ ಡಬ್ಬಿ ಬಿಟ್ರೆ ಬರೋದೆಲ್ಲ ನಾಲ್ಕರ ಪ್ಯಾಕೆಟ್ಟು. ನೀನು ಒಂದು ಕೇಳ್ತಿದ್ದೆ. ನಾನು ಒಳಗೆ ಹೋಗಿ ಪ್ಯಾಕೆಟ್ಟು ಹರೀತಿದ್ದೆ. ಉಳಿದ ಮೂರರ ದುಡ್ಡು ನನ್ನ ಜೇಬಿಂದ."

"ಆ ಮೂರನ್ನ ಮಾರನೇ ದಿನ ನನಗೇ ಕೊಡಬಹುದಿತ್ತಲ್ಲೋ!"

"ದಿನಕ್ಕೊಂದು ಅಳತೆ ಕೇಳ್ತಿದ್ಯಲ್ಲಯ್ಯ, ಮಹಾರಾಯ! ಮನೇಲಿ ಎರಡು ಬಕೆಟ್ ತುಂಬಿದೆ. ನನ್ನ ಹೆಂಡತಿ ನನ್ನನ್ನ ಆಸ್ಪತ್ರೆಗೆ ತೋರಿಸಬೇಕು ಅಂತಿದಾಳೆ."

"ಇಲ್ಲ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು?"

ಎಮೆಟ್ ಮಂಡಿ ಉಜ್ಜಿಕೊಳ್ಳುತ್ತ ಬಾಗಿಲ ಕಡೆ ನೋಡಿದ. "ಹೇಳಿದ್ರೆ ನೀನು ಎಲ್ಲಿಗೆ ಹೋಗ್ತಿದ್ದೆ?"

ಡಬ್ಬಿಯ ಮಾತನ್ನು ಅಲ್ಲೇ ಬಿಟ್ಟು, ತಲೆ ತಗ್ಗಿಸಿ ಹೊರಟೆ. ಬಾಗಿಲು ದಾಟುವಾಗ ಎಮೆಟ್ ಹಿಂದಿನಿಂದ ಕೂಗಿದ:

"ವೆಂಡೆಲ್! ಸೋಮವಾರ ಬಾರಯ್ಯ. ಇನ್ನೊಂದು ಸ್ಟೂಲ್ ಹಾಕಿರ್ತೀನಿ. ಆದ್ರೆ ನಿನ್ನ ದಮ್ಮಯ್ಯ, ಏನೂ ಕೊಳ್ಳಬೇಡ. ನನ್ನ ಕೈಲಿ ಆಗಲ್ಲ!"