ಹತ್ತು ಲಕ್ಷಕ್ಕೊಬ್ಬ

ಮುನಿಆಂಜನಪ್ಪ ತಮ್ಮ ಕೈಲಿದ್ದ ಹಸಿರು ಫೈಲನ್ನು ಭಗವಂತರಾಯನ ಎದೆಗೆ ಒತ್ತಿದ್ದು ಎರಡೇ ಸೆಕೆಂಡಿನ ಕೆಲಸ. ಅವನು ಅದನ್ನು ಹಿಡಿದುಕೊಂಡದ್ದು ಮೂರನೆಯ ಸೆಕೆಂಡು. ಕೆಟ್ಟದ್ದೆಲ್ಲ ಅಲ್ಲಿಂದಲೇ ಶುರುವಾಯಿತು.

ಕೆ.ಆರ್. ಪುರದಲ್ಲಿ ಮುನಿಆಂಜನಪ್ಪನವರದು ಮೂರಂತಸ್ತಿನ ಬಿಲ್ಡಿಂಗು. ಅದರ ನೆತ್ತಿಯ ಮೇಲಿನ ಒಂಟಿ ರೂಮಿನಲ್ಲಿ ಯಾದಗಿರಿ ಕಡೆಯ ಭಗವಂತರಾಯ ಹೆಂಡತಿ ಜಟ್ಟೆಮ್ಮನೊಂದಿಗೆ ಬಾಡಿಗೆಗಿದ್ದ. ಮಹದೇವಪುರದ ಟೆಕ್ ಪಾರ್ಕೊಂದರಲ್ಲಿ ಸೆಕ್ಯೂರಿಟಿ ಕೆಲಸ.

ಹೋದ ವರ್ಷ ಮುನಿಆಂಜನಪ್ಪನವರ ಮೂತ್ರದಲ್ಲಿ ರಕ್ತ ಕಂಡು, ಪರೀಕ್ಷೆಯಾಗಿ, ಕ್ಯಾನ್ಸರ್ ಎಂದು ಗೊತ್ತಾಗಿತ್ತು. ಅದೂ ಎಂಥದ್ದು! ಮಗು ಗರ್ಭದಲ್ಲಿದ್ದಾಗ ಹೊಕ್ಕುಳಿನಿಂದ ಮೂತ್ರಕೋಶಕ್ಕೆ ಒಂದು ನಾಳ ಇರುತ್ತದಂತೆ. ಹುಟ್ಟುವ ಹೊತ್ತಿಗೆ ಒಣಗಿ ದಾರವಾಗುತ್ತದಂತೆ. ಆ ದಾರದಲ್ಲಿ ಬೆಳೆದ ಕ್ಯಾನ್ಸರು; ಹತ್ತು ಲಕ್ಷಕ್ಕೊಬ್ಬರಿಗೆ ಬರುವಂಥದ್ದು. ಡಾಕ್ಟರು ಮೂತ್ರಕೋಶದ ಒಂದು ಭಾಗವನ್ನೂ ಆ ದಾರವನ್ನೂ ಕೊನೆಗೆ ಹೊಕ್ಕುಳನ್ನೂ ಒಟ್ಟಿಗೇ ತೆಗೆದುಹಾಕಿದ್ದರು.

ಮುನಿಆಂಜನಪ್ಪ ಹೆಂಡತಿಯನ್ನು ಕಳೆದುಕೊಂಡವರು. ಮನೆಯಲ್ಲಿ ಎಪ್ಪತ್ತೆಂಟರ ತಾಯಿ ಚಿಕ್ಕಮುನಿಯಮ್ಮ ಒಬ್ಬಳೇ. ಗೊತ್ತಾದರೆ ಮುದುಕಿಯ ಎದೆ ನಿಂತೇ ಹೋದೀತೆಂದು ಹೆದರಿ ‘ಹರ್ನಿಯಾ’ ಎಂದಿದ್ದರು. ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಜೊತೆ ಹೋಗುತ್ತಿದ್ದವನು ಬಾಯಿಬಿಡದ ಬಾಡಿಗೆದಾರ ಭಗವಂತರಾಯ.

ಅವತ್ತು ಹಲಸೂರಿನ ಕಡೆಯ ಆಸ್ಪತ್ರೆಯಲ್ಲಿ ಡಾಕ್ಟರು ನಗುತ್ತಲೇ ಹೇಳಿದ್ದರು. “ಕ್ಲೀನ್ ಇದೆ. ಬೇಗ ಸಿಕ್ತು, ಅಂಚಲ್ಲಿ ಏನೂ ಉಳೀಲಿಲ್ಲ, ಗ್ರಂಥಿಗಳಿಗೂ ಹೋಗಿರ್ಲಿಲ್ಲ. ಹರಡಿದ್ರೆ ಕತೆನೇ ಬೇರೆ ಆಗ್ತಿತ್ತು. ಇದಕ್ಕೇ ಅಂತ ಔಷಧಿ ಇಲ್ಲ, ಕರುಳಿನ ಕ್ಯಾನ್ಸರ್‌ದನ್ನೇ ಎರವಲು ತರ್ಬೇಕು. ಆದ್ರೂ ಐದು ವರ್ಷ ತಪ್ಪದೆ ಬರ್ತಾ ಇರಿ.”

ಮುನಿಆಂಜನಪ್ಪ ಮದುಮಗನಂತೆ ಹೊರಗೆ ಬಂದರು. ಎದುರಿಗೆ, ‘ಕ್ಯಾನ್ಸರ್ ವಿಭಾಗ’ ಎಂಬ ಬೋರ್ಡಿನ ಕೆಳಗೆ, ಸಕ್ಕರೆ ಪರೀಕ್ಷೆಯ ಚೀಟಿ ಹಿಡಿದುಕೊಂಡು ಎದುರುಮನೆಯ ಟೈಲರ್ ಬದ್ರುನ್ನೀಸಾ!

“ಅರೆ ಆಂಜನಪ್ಪಾ, ನೀವು ಇಲ್ಲಿ ಕ್ಯಾ ಮಾಡ್ತಿದೀರಿ?”

ಫೈಲು ಭಗವಂತರಾಯನ ಎದೆಗೆ ಹೋದದ್ದು ಆಗ.

“ಇವ್ನಿಗೆ ಬೂಬಮ್ಮ... ಪಾಪ, ಮೂತ್ರದ ಕಡೆ ಕ್ಯಾನ್ಸರ್ರು. ಒಬ್ನೇ ಬರ್ತೀನಿ ಅಂದ. ಬಿಡಕ್ಕಾಗುತ್ತಾ?”

ಆಸ್ಪತ್ರೆಯ ವಾಸನೆಗೆ ಭಗವಂತರಾಯನ ಮುಖ ಮೊದಲೇ ಸುಣ್ಣದ ಗೋಡೆಯಾಗಿತ್ತು. ಈ ಮಾತಿಗೆ ಎರಡನೆಯ ಕೋಟೂ ಬಿತ್ತು. ಬದ್ರುನ್ನೀಸಾ ಅವನ ತಲೆ ಸವರಿ ಕಣ್ಣೊರೆಸಿಕೊಂಡಳು.

ಆಟೋದಲ್ಲಿ ಮುನಿಆಂಜನಪ್ಪ ಬೇಡಿಕೊಂಡರು. “ಎರಡು ದಿನ ತಡ್ಕೊ ಮಗಾ. ಆಮೇಲೆ ರಿಪೋರ್ಟು ತಪ್ಪಾಗಿತ್ತು ಅಂದ್ಬಿಡಾಣ.”

ಆಟೋ ಟಿನ್ ಫ್ಯಾಕ್ಟರಿ ಹತ್ತಿರ ಮುಕ್ಕಾಲು ಗಂಟೆ ನಿಂತಿತು. ಮೆಟ್ರೋ ಹತ್ತಿದ ಬದ್ರುನ್ನೀಸಾಗೂ ಅವಳ ಸುದ್ದಿಗೂ ಟ್ರಾಫಿಕ್ ಇರಲಿಲ್ಲ. ಇವರು ಬಂದಿಳಿಯುವಾಗ ಗೇಟಿನ ಮುಂದೆ ಬೀದಿಯೇ ಸೇರಿತ್ತು, ನಡುವೆ ಜಟ್ಟೆಮ್ಮ ಕೂತು ಅಳುತ್ತಿದ್ದಳು.

“ಏನ್ರೀ, ನನಗ್ಯಾಕ ಹೇಳಲಿಲ್ಲ? ಮಂದಿ ಬಾಯಿಲೆ ಕೇಳಬೇಕಾತಲ್ಲ! ಊರಿಗೆ ಫೋನ್ ಮಾಡೀನಿ. ನಮ್ಮಣ್ಣ ಏಳು ಮಂದೀನ ಕರಕೊಂಡು ರೈಲು ಹತ್ಯಾನ.”

“ನನಗೇನೂ ಆಗಿಲ್ಲ ಮಾರಾಯ್ತಿ!”

“ಎಲ್ರೂ ಮೊದ್ಲು ಹಂಗೇ ಅನ್ನೋದು” ಎಂದು ಪಕ್ಕದ ಮನೆಯ ಮುನಿವೆಂಕಟಮ್ಮ ಬಾಳೆದಿಂಡಿನ ರಸದ ಚೊಂಬನ್ನು ಅವನ ಬಾಯಿಗೆ ಹಿಡಿದಳು. ಹಿಂದೆಯೇ ಬಾರ್ಲಿ ನೀರು ಬಂತು, ಅದರ ಹಿಂದೆ ಹುರುಳಿ ಕಟ್ಟು.

ಅವನ ಜೊತೆಗೇ ಕೆಲಸ ಮಾಡುವ ಕೆಳಗಿನ ರೂಮಿನ ಲಕ್ಷ್ಮಿಕಾಂತ ಹೆಗಲ ಮೇಲೆ ಕೈಯಿಟ್ಟ. “ಸೂಪರ್‌ವೈಸರ್‌ಗೆ ಹೇಳೀನಿ ದೋಸ್ತ. ಭಾಳ ಒಳ್ಳೆ ಮನಷ್ಯಾ. ಒಂದು ತಿಂಗಳು ನಿನ್ನ ಹೆಸರು ಹೊಡದು ಬ್ಯಾರೆಯವನ್ನ ಹಾಕ್ಯಾನ.”

ಕುಡಿದದ್ದು ಮೂರು ಲೋಟ. ಭಗವಂತರಾಯ ಪಾಯಿಖಾನೆಗೆ ಓಡಿದ. ಬಂದ. ಮತ್ತೆ ಓಡಿದ. ಮೂರನೆಯ ಸಲ ಓಡಿದಾಗ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜಟ್ಟೆಮ್ಮನ ಅಳು ತಾರಕಕ್ಕೇರಿತು.

ಅವಳನ್ನು ಸಮಾಧಾನ ಮಾಡಲು ಹೋಗಿ ಅವನು ಇನ್ನೂ ಕೆಡಿಸಿಕೊಂಡ. “ಅಳಬ್ಯಾಡ. ಲಗೂನ ಸಿಕ್ಕರ ಹೊಕ್ಕಳಾ ಸೈತ ಕೊಯ್ದು ತಗೀತಾರ. ಐದು ವರ್ಷ ಕ್ಯಾಮೆರಾ ಹಾಕಿ ನೋಡ್ತಾರ. ಭಾಳ ಮಂದಿ ಬದುಕ್ತಾರ.”

“ನೋಡ್ರೀ, ಎಲ್ಲಾ ಗೊತ್ತದ!” ಎಂದು ಜಟ್ಟೆಮ್ಮ ನೆಲಕ್ಕೆ ಹಣೆ ಚಚ್ಚಿಕೊಂಡಳು.

ಮುನಿಆಂಜನಪ್ಪನವರಿಗೆ ತಡೆಯಲಾಗಲಿಲ್ಲ. ಅವರು ಭಯಸ್ಥರೇ ಹೊರತು ಕೆಟ್ಟವರಲ್ಲ. ಜಗಲಿಯ ಮೇಲೆ ಕೂತಿದ್ದ ತಾಯಿಯ ಮುಂದೆ ಹೋಗಿ ನಿಂತು, ಕಣ್ಣುಮುಚ್ಚಿ, ಅಂಗಿಯನ್ನು ಎದೆಯವರೆಗೂ ಎತ್ತಿದರು. ಹೊಕ್ಕುಳಿರಬೇಕಾದ ಜಾಗದಲ್ಲಿ ಉದ್ದನೆಯ ಹೊಲಿಗೆಯ ಗುರುತಿತ್ತು.

“ಅವ್ವಾ, ಎದೆ ಗಟ್ಟಿ ಮಾಡ್ಕೊ. ಕ್ಯಾನ್ಸರ್ ಬಂದಿದ್ದು ಇವ್ನಿಗಲ್ಲ, ನನಗೆ. ಹರ್ನಿಯಾ ಅಂದಿದ್ದು ಸುಳ್ಳು. ಈಗ ವಾಸಿಯಾಗಿದೆ.”

ಭಗವಂತರಾಯ ವರ್ಷದ ಮೇಲೆ ಮೊದಲ ಸಲ ನಿರಾಳವಾಗಿ ಉಸಿರುಬಿಟ್ಟ.

ಚಿಕ್ಕಮುನಿಯಮ್ಮ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದಳು.

“ನಿಂದು ಗೊತ್ತು ಕಣೋ. ಆಪರೇಸನ್ ಆಗಿ ಮನೆಗೆ ಬಂದ ದಿನಾನೇ ನೀನು ಮಲ್ಗಿದ್ದಾಗ ನೋಡ್ದೆ. ಹೆತ್ತೋಳಿಗೆ ಮಗನ ಹೊಕ್ಕುಳು ಇಲ್ದಿದ್ದು ಗೊತ್ತಾಗಲ್ವಾ? ನಿನ್ನ ಫೈಲನ್ನ ಮೆಡಿಕಲ್ ಸ್ಟೋರಿನವನ ಕೈಲಿ ಓದಿಸ್ದೆ, ಎಲ್ಲಾ ಬಿಡಿಸಿ ಹೇಳ್ದ. ನೀನು ಎದೆ ಒಡ್ಕೊಂತೀಯ ಅಂತ ಬೀದಿಯೆಲ್ಲಾ ಒಂದು ವರ್ಷದಿಂದ ಬಾಯಿ ಕಟ್ಕೊಂಡಿದೀವಿ. ನಾವೀಗ ಕೇಳ್ತಿರೋದು ಇವನ್ದು!”

“ಇವ್ನಿಗೆ ಏನೂ ಇಲ್ಲವ್ವಾ! ನಾನೇ ಸುಳ್ಳು ಹೇಳಿದ್ದು!”

“ನಾನೂ ಮೊದ್ಲು ಝೂಟ್ ಅಂದ್ಕೊಂಡೆ” ಎಂದಳು ಬದ್ರುನ್ನೀಸಾ. “ಆಮೇಲೆ ಹುಡುಗನ ಮುಖ ನೋಡ್ದೆ. ಅಂಥ ಬಿಳುಪು ಸುಳ್ಳಲ್ಲಿ ಬರಲ್ಲ.”

ಮುನಿವೆಂಕಟಮ್ಮ ಮೂಗಿನ ಮೇಲೆ ಬೆರಳಿಟ್ಟಳು. “ಹತ್ತು ಲಕ್ಷಕ್ಕೊಬ್ರಿಗೆ ಬರೋದು, ಒಂದೇ ಬಿಲ್ಡಿಂಗಲ್ಲಿ ಇಬ್ರಿಗೆ! ನಿಮ್ಮ ಬೋರ್‌ವೆಲ್ ನೀರೇ ಸರಿಯಿಲ್ಲ ಬುಡಕ್ಕಾ.”

ನಾಲ್ಕು ಗಂಟೆಗೆ ಎರಡು ಆಟೋಗಳು ಅದೇ ಆಸ್ಪತ್ರೆಯ ಮುಂದೆ ನಿಂತವು. ಕೌಂಟರಿನ ಹುಡುಗಿ ಕೇಳಿದಳು. “ಪೇಷೆಂಟ್‌ಗೆ ಏನು ತೊಂದ್ರೆ?”

“ಏನೂ ಇಲ್ರೀ ಮೇಡಂ” ಎಂದ ಭಗವಂತರಾಯ ಅಳುದನಿಯಲ್ಲಿ.

ಚಿಕ್ಕಮುನಿಯಮ್ಮ ಅವನನ್ನು ಪಕ್ಕಕ್ಕೆ ತಳ್ಳಿ ಕೌಂಟರಿಗೆ ಮೊಣಕೈಯೂರಿದಳು.

“ಇವನ ಮಾತು ನಂಬಬ್ಯಾಡ ತಾಯಿ. ನನ್ನ ಮಗನ ಕ್ಯಾನ್ಸರ್ರನ್ನೇ ಒಂದು ವರ್ಷ ಬಾಯಿಬಿಡ್ದೆ ನುಂಗ್ಕೊಂಡಿದ್ದ ಭೂಪ, ತನ್ದು ಹೇಳ್ತಾನಾ? ಇರೋ ಟೆಸ್ಟೆಲ್ಲಾ ಬರ್ಕೊ.”