ಮೆಂಗಣ್ಣನ ಕೋಟಿನೊಳಗಿನ ಹೊಗೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಸುಫೆನ್ ಆಡಿದ ಒಂದು ಮಾತು. ಹಿಂದಿನ ರಾತ್ರಿ ಅವಳ ಗಂಡ ಮೆಂಗ್ ಶೌತಿಯನ್ ಹೊದಿಕೆಯೊಳಗೆ ಒಂದಷ್ಟು ಹೊತ್ತು ಹೆಣಗಾಡಿ, ಬೆವರಿ, ಕೊನೆಗೆ ಕೈಚೆಲ್ಲಿ ಅಂಗಾತ ಮಲಗಿದಾಗ ಆಕೆ ಅವನ ಹೆಗಲು ತಟ್ಟಿ, "ಪರವಾಗಿಲ್ಲ ಬಿಡು, ಮಲಕ್ಕೋ" ಎಂದಿದ್ದಳು.

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಪರವಾಗಿಲ್ಲ ಎಂದರೆ ಏನರ್ಥ? ಕೊನೆಯ ಬಸ್ಸು ತಪ್ಪಿದವನಿಗೆ ನಿಲ್ದಾಣದ ಕಾವಲುಗಾರ ಹೇಳುವ ಸಮಾಧಾನದಂತಿತ್ತು ಅದು. ಊರಿನ ಬೀದಿಗಳಿಗೆ ನೀರು ಚಿಮುಕಿಸುವ ಲಾರಿ ಓಡಿಸಿಕೊಂಡಿದ್ದ ಮೆಂಗ್ ಹೋದ ವರ್ಷವಷ್ಟೇ ನಿವೃತ್ತನಾಗಿದ್ದ. ಈಗ ಹೆಂಡತಿಯೂ ತನ್ನನ್ನು ನಿವೃತ್ತಿ ಮಾಡಿಬಿಟ್ಟಳೇ ಎಂಬ ಯೋಚನೆಯಲ್ಲಿ ಅವನು ಬೆಳಗಿನ ಗಂಜಿಯನ್ನು ಅರ್ಧಕ್ಕೇ ಬಿಟ್ಟೆದ್ದ.

ಸುಫೆನ್ ಸಂತೆಬೀದಿಯ ತನ್ನ ಬನ್ನಿನಂಗಡಿಗೆ ಹೊರಟದ್ದೇ ತಡ, ಮೆಂಗ್ ಬಸ್ಸು ಹತ್ತಿದ. ಚಿಚುನ್ ಪಟ್ಟಣದಲ್ಲಿ, ಹೊತ್ತಿಸಿ ಮೈಗೆ ಶಾಖ ಕೊಡುವ ಮಾಚಿಪತ್ರೆಯ ಬತ್ತಿ ಮಾರದ ಅಂಗಡಿ ಹುಡುಕುವುದು ಕಷ್ಟ. ಮೆಂಗನ ಪರಿಚಯವಿಲ್ಲದ ಅಂಗಡಿ ಹುಡುಕುವುದು ಇನ್ನೂ ಕಷ್ಟ. ಊರಿನ ಆ ತುದಿಯಲ್ಲಿ ಶೂ ಎಂಬ ಮುದಿ ವೈದ್ಯರ ಅಂಗಡಿ ಸಿಕ್ಕಿತು.

"ನನ್ನ ಗೆಳೆಯನೊಬ್ಬನಿಗೆ," ಎಂದು ಮೆಂಗ್ ಶುರುಮಾಡಿದ, "ವಯಸ್ಸು ಅರವತ್ತೊಂದು. ಮೊದಲಿನ ಹಾಗೆ... ಅಂದ್ರೆ... ಆಗ್ತಾ ಇಲ್ಲವಂತೆ."

ವೈದ್ಯರು ಕನ್ನಡಕ ಏರಿಸಿದರು. "ಎಲ್ಲಿ, ನಿಮ್ಮ ಗೆಳೆಯನ ನಾಲಿಗೆ ಚಾಚಿ."

ಮೆಂಗ್ ಚಾಚಿದ.

"ಗೆಳೆಯನ ಕೈ ಕೊಡಿ, ನಾಡಿ ನೋಡೋಣ." ಕಣ್ಣುಮುಚ್ಚಿ ನಾಡಿ ಹಿಡಿದು ಅವರೆಂದರು, "ಸೊಂಟದೊಳಗಿನ ಒಲೆ ತಣ್ಣಗಾಗಿದೆ. ವಯಸ್ಸಾದ್ಮೇಲೆ ಎಲ್ಲರದ್ದೂ ಅಷ್ಟೇ. ಹೊಕ್ಕಳಿಂದ ನಾಲ್ಕು ಬೆರಳು ಕೆಳಗೆ ದಿನಾ ಶಾಖ ಕೊಡಲಿ. ಕಿಟಕಿ ತೆಗೆದಿಟ್ಟುಕೊಂಡು, ಸುಮ್ಮನೆ ಮಲಗಿರಬೇಕು. ಆತುರ ಕೂಡದು ಅಂತ ಗೆಳೆಯನಿಗೆ ಹೇಳಿ."

ಬತ್ತಿಗಳ ಕಟ್ಟು, ಹೊಟ್ಟೆಗೆ ಕಟ್ಟಿಕೊಳ್ಳುವ ಪಟ್ಟಿಯಿದ್ದ ಬಿದಿರಿನ ಪೆಟ್ಟಿಗೆ, ಎರಡನ್ನೂ ಕೋಟಿನೊಳಗೆ ಬಚ್ಚಿಟ್ಟುಕೊಂಡು ಮೆಂಗ್ ಮನೆಗೆ ಬಂದ. ಯಾರಾದರೂ ನೋಡಿಯಾರೆಂದು ಕಿಟಕಿಗಳನ್ನೆಲ್ಲ ಮುಚ್ಚಿದ. ಪೆಟ್ಟಿಗೆಯೊಳಗೆ ಒಂದೇ ತುಂಡು ಬತ್ತಿ ಇಡಬೇಕಾದ ಕಡೆ, ಬೇಗ ಗುಣವಾಗಲೆಂದು ಮೂರು ತುಂಡು ಹೊತ್ತಿಸಿಟ್ಟು, ಪೆಟ್ಟಿಗೆಯನ್ನು ಹೊಕ್ಕಳ ಕೆಳಗೆ ಬಿಗಿದು ಮಲಗಿದ. ಹಿತವಾದ ಬಿಸಿ ಇಳಿಯತೊಡಗಿತು. ಒಳಗಿನ ಒಲೆ ಚಟಪಟ ಎಂದಂತೆಯೂ ಅನ್ನಿಸಿತು.

ಅಷ್ಟರಲ್ಲಿ ಬಾಗಿಲು ದಬದಬ ಬಡಿದ ಸದ್ದಾಯಿತು.

"ಮೆಂಗಣ್ಣಾ! ಒಳಗಿದ್ದೀಯ ಅಂತ ಗೊತ್ತು. ಬಾಗಿಲು ತೆಗಿ!"

ಪಕ್ಕದ ಮನೆಯ ಪಾಂಗ್, ಚದುರಂಗದ ಹಲಗೆ ಹಿಡಿದು ನಿಂತಿದ್ದ. ಅವನು ಬಾಗಿಲು ಬಡಿಯಲು ಶುರುಮಾಡಿದರೆ ತೆರೆಯುವ ತನಕ ನಿಲ್ಲಿಸುವವನಲ್ಲ. ಪಟ್ಟಿ ಬಿಚ್ಚಲು ಹೋದರೆ ಗಂಟು ಇನ್ನಷ್ಟು ಬಿಗಿಯಿತು. ಮೆಂಗ್ ಮೇಲೊಂದು ಹತ್ತಿಯ ದಪ್ಪ ಕೋಟು ತೊಟ್ಟು, ಗುಂಡಿ ಹಾಕಿ, ಬಾಗಿಲನ್ನು ಒಂದು ಗೇಣು ತೆರೆದ.

"ಇವತ್ತು ಆಗಲ್ಲ ಕಣೋ. ಚಳಿಜ್ವರ."

"ಚಳಿಜ್ವರವಾ? ಮುಖ ನೋಡಿದ್ರೆ ಬೇಯಿಸಿದ ಸಿಗಡಿ ಹಂಗಿದೆ!" ಪಾಂಗ್ ಸಂದಿನಲ್ಲೇ ನುಗ್ಗಿ ಬಂದು ಕುರ್ಚಿ ಎಳೆದು ಕೂತ. ಮೂಗು ಅರಳಿಸಿದ. "ಏನೋ ವಾಸನೆ?"

"ಸೊಳ್ಳೆಗೆ ಹೊಗೆ ಹಾಕಿದ್ದೆ."

"ಈ ಚಳೀಲಿ ಸೊಳ್ಳೆ ಎಲ್ಲಿಂದ ಬಂತು?"

ಮೆಂಗ್ ಕೋಟಿನ ಕೊರಳಪಟ್ಟಿಯನ್ನು ಮೇಲಕ್ಕೆಳೆದುಕೊಂಡ. ಹಿತವಾಗಿದ್ದ ಬಿಸಿ ಈಗ ಚುರುಚುರು ಎನ್ನುತ್ತಿತ್ತು. ಅವನು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಕಾದ ಹಂಚಿನ ಮೇಲೆ ಬಿಟ್ಟ ಕೋಳಿಯಂತೆ ಕುಣಿಯತೊಡಗಿದ. ಅವನ ಕೊರಳಪಟ್ಟಿಯಿಂದ ಹೊಗೆಯ ಎಳೆಯೊಂದು ಮೇಲೆದ್ದಿತು. ಆಮೇಲೆ ಎರಡೂ ತೋಳುಗಳಿಂದ.

ಪಾಂಗ್ ಹಲಗೆ ಕೆಳಗೆ ಹಾಕಿ ಎದ್ದ. "ಅಯ್ಯಯ್ಯೋ! ಮೆಂಗಣ್ಣ ಉರೀತಾ ಇದ್ದಾನೆ! ಯಾರಾದ್ರೂ ಬನ್ರಪ್ಪೋ!"

ಮೇಲಿನ ಮನೆಯ ನಿಯೆ ಅಕ್ಕ ನಿವೃತ್ತ ನರ್ಸ್. ಹೊಗೆಯ ವಾಸನೆ ಹಿಡಿದು ಮೊದಲೇ ಮೆಟ್ಟಿಲಿಳಿಯುತ್ತಿದ್ದಳು. ಗೋಡೆಗೆ ನೇತುಹಾಕಿದ್ದ ಬೆಂಕಿ ಆರಿಸುವ ಕೆಂಪು ಉರುಳೆ ಕಿತ್ತುಕೊಂಡು ಬಂದವಳೇ, ಹಿಂದುಮುಂದು ನೋಡದೆ ಮೆಂಗನ ಮೇಲೆ ತಿರುಗಿಸಿದಳು. ಬಿಳಿಪುಡಿಯ ಮೋಡ ಕರಗಿದಾಗ ಅವನು ಹಿಟ್ಟಿನಲ್ಲಿ ಹೊರಳಿಸಿದ ಮೀನಿನಂತೆ ಕಾಣುತ್ತಿದ್ದ. ಬಾಗಿಲಲ್ಲಿ ಅರ್ಧ ವಠಾರ ನೆರೆದಿತ್ತು.

"ಕೋಟು ತೆಗಿ, ಸುಟ್ಟಿದೆಯಾ ನೋಡ್ಬೇಕು!"

"ಬೇಡ ಅಕ್ಕಾ, ಬೇಡ!"

ನಿಯೆ ಅಕ್ಕ ಕೇಳುವವಳೇ? ಗುಂಡಿಗಳು ಪಟಪಟ ಹಾರಿದವು. ಪೆಟ್ಟಿಗೆ ಬಯಲಾಯಿತು. ಆಕೆ ಅದನ್ನು ನೋಡಿದಳು, ಹೊಕ್ಕಳನ್ನು ನೋಡಿದಳು, ನಡುವೆ ನಾಲ್ಕು ಬೆರಳಿಟ್ಟು ಅಳೆದಳು.

"ಹೊಟ್ಟೆನೋವು ಅಕ್ಕಾ," ಎಂದ ಮೆಂಗ್ ಕ್ಷೀಣವಾಗಿ.

"ಹೊಟ್ಟೆನೋವಿಗೆ ಇಲ್ಲಿ ಇಡಲ್ಲ ಕಣಪ್ಪ. ಇದು ಯಾವುದಕ್ಕೆ ಅಂತ ನಂಗೊತ್ತು."

ಅಲ್ಲಿದ್ದವರಿಗೂ ಗೊತ್ತಾಯಿತು. ಹೆಂಗಸರು ಸೆರಗಿಲ್ಲದ್ದಕ್ಕೆ ಅಂಗೈಯನ್ನೇ ಬಾಯಿಗೆ ಒತ್ತಿಕೊಂಡರು. ಪಾಂಗ್ ಮಾತ್ರ ಹೊಟ್ಟೆ ಹಿಡಿದು ನಕ್ಕ. "ಊರಿಗೆಲ್ಲ ನೀರು ಹಾಕಿದೋನು, ಮನೇಲಿ ಬರ ಬಂತಾ ಮೆಂಗಣ್ಣಾ?"

ಮಧ್ಯಾಹ್ನದ ಹೊತ್ತಿಗೆ ಸುದ್ದಿ ವಠಾರದವರ ಫೋನುಗಳಲ್ಲೆಲ್ಲ ಓಡಾಡಿತು. ಮೆಂಗ್ ಹೊಟ್ಟೆಯ ಸುಟ್ಟ ಬೊಬ್ಬೆಗೆ ಮುಲಾಮು ಹಚ್ಚಿಕೊಂಡು, ಪರದೆ ಎಳೆದು, ಹೆಂಡತಿ ಬಂದು ಏನೆನ್ನುವಳೋ ಎಂದು ಕೋಣೆಯಿಂದ ಕೋಣೆಗೆ ಶತಪಥ ಹಾಕಿದ. ಬಾಗಿಲು ಮತ್ತೆ ಸದ್ದಾಯಿತು. ಈ ಸಲ ಮೆಲ್ಲಗೆ, ಬೆರಳ ತುದಿಯಿಂದ. ಪಾಂಗ್.

"ಮೆಂಗಣ್ಣಾ, ಆ ಪೆಟ್ಟಿಗೆ ಎಲ್ಲಿ ಸಿಗುತ್ತೆ? ನನಗಲ್ಲಪ್ಪ. ನಮ್ಮ ಭಾವನಿಗೆ."

ಅವನು ಹೋದ ಮೇಲೆ ಗೇಟಿನ ಕಾವಲುಗಾರ ಬಂದ, ಅವನ ಚಿಕ್ಕಪ್ಪನಿಗಂತೆ. ಆಮೇಲೆ ಮೂರನೇ ಮಹಡಿಯ ಲೆಕ್ಕದ ಮೇಷ್ಟ್ರು, ಅವರ ಹಳೇ ಸಹೋದ್ಯೋಗಿಗಂತೆ. ಮೆಂಗನಿಗೆ ಎದೆ ಹಗುರಾಯಿತು. ತಾನೊಬ್ಬನೇ ಅಲ್ಲ! ಹೆಂಡತಿಗೆ ನೇರವಾಗಿ ಹೇಳಿಬಿಡೋಣ, ಗಂಡಸಾಗಿ ಹೇಳೋಣ ಎಂದು ಕನ್ನಡಿಯೆದುರು ಕೂದಲು ಬಾಚಿಕೊಂಡ.

ಸಂಜೆ ಸುಫೆನ್ ಬಂದಳು. ಚೀಲ ಇಟ್ಟು, ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಮುದುಕಪ್ಪಾ, ಇದನ್ನೆಲ್ಲ ಯಾರು ಕೇಳಿದ್ರು ನಿನ್ನ?"

"ನಿನಗೋಸ್ಕರನೇ ಕಣೇ. ಇನ್ನೊಂದು ತಿಂಗಳು ತಡಿ, ನೋಡು..."

"ಇನ್ನೊಂದು ತಿಂಗಳಾ!" ಸುಫೆನ್ ಹೌಹಾರಿ ಕುರ್ಚಿ ಹಿಡಿದುಕೊಂಡಳು. "ಹಿಟ್ಟು ನಾದಿ ನಾದಿ ನನ್ನ ಸೊಂಟ ಹಿಡ್ಕೊಂಡು ಆರು ತಿಂಗಳಾಯ್ತು. ಬೇಡ ಅಂದ್ರೆ ನೀನು ನೊಂದ್ಕೋತೀಯ ಅಂತ ಹಲ್ಲುಕಚ್ಚಿಕೊಂಡಿದ್ದೆ. ನಿನ್ನಷ್ಟಕ್ಕೆ ನೀನೇ ತಣ್ಣಗಾದೆಯಲ್ಲ, ಸದ್ಯ, ಇನ್ನು ನೆಮ್ಮದಿಯಾಗಿ ನಿದ್ದೆ ಮಾಡಬಹುದು ಅಂದ್ಕೊಂಡೆ. ಈಗ ವಠಾರದ ಗಂಡಸರನ್ನೆಲ್ಲ ಎಬ್ಬಿಸಿದ್ದೀಯಲ್ಲ! ಅದಕ್ಕೇ ನಿಯೆ ಅಕ್ಕ ಮೆಟ್ಟಿಲ ಮೇಲೇ ಹಿಡ್ಕೊಂಡು ನನಗೆ ಬೈದಳು."

ಮೆಂಗ್ ಬಾಚಿದ ಕೂದಲನ್ನು ಕೆದರಿಕೊಂಡ.

"ಬತ್ತಿ ಉಳಿದಿದೆಯಾ?"

"ಇದೆ."

"ತಗೊಂಡು ಬಾ."

ಸುಫೆನ್ ಮಂಚದ ಮೇಲೆ ಬೋರಲಾಗಿ ಮಲಗಿ ಅಂಗಿ ಮೇಲಕ್ಕೆತ್ತಿಕೊಂಡಳು. ಮೆಂಗ್ ಪಕ್ಕದ ಮಣೆಯ ಮೇಲೆ ಕೂತು, ಉರಿಯುವ ಬತ್ತಿಯನ್ನು ಅವಳ ಸೊಂಟಕ್ಕೆ ಎರಡು ಬೆರಳು ಮೇಲೆ ಹಿಡಿದ. "ಎಡಕ್ಕೆ. ಅಷ್ಟು ಹತ್ತಿರ ಬೇಡ. ಹಾಂ, ಅಲ್ಲೇ," ಎನ್ನುತ್ತಿದ್ದ ದನಿ ಕ್ರಮೇಣ ಗೊರಕೆಯಾಯಿತು.

ಅವನ ತೋಳು ಸೋತಿತು, ಹೊಟ್ಟೆಯ ಬೊಬ್ಬೆ ಚುಚ್ಚಿತು. ಬತ್ತಿಯ ತುದಿಯಲ್ಲಿ ಬೂದಿ ಉದ್ದವಾಗುತ್ತಿತ್ತು. ಅಲುಗಿದರೆ ಅವಳ ಬೆನ್ನ ಮೇಲೆಯೇ ಬೀಳುವಂತಿದ್ದುದರಿಂದ ಅಲುಗುವ ಹಾಗಿರಲಿಲ್ಲ.

ಬಾಗಿಲು ಸದ್ದಾಯಿತು.

"ಮೆಂಗಪ್ಪಾ," ನಿಯೆ ಅಕ್ಕನ ದನಿ ಇಂಪಾಗಿತ್ತು. "ಸುಫೆನ್‌ದು ಮುಗೀತಾ? ಬತ್ತಿ ವಾಸನೆ ಮೇಲಿನ ತನಕ ಬಂತು, ನನ್ನ ಮಂಡಿಗೂ ಸ್ವಲ್ಪ ಹಿಡಿಯಪ್ಪ. ಇಲ್ಲಿ ಇನ್ನೂ ನಾಲ್ಕು ಜನ ಕಾಯ್ತಾ ಕೂತಿದ್ದಾರೆ."