ಹಾಜಿಮಲಂಗನ ಕೈಗವಸು

ಗೊಳಸಂಗಿಯ ಟೇಲರ್ ಹಾಜಿಮಲಂಗನ ಬೆರಳುಗಳು ಹುಟ್ಟಿನಿಂದಲೇ ತಣ್ಣಗೆ. ಡಿಸೆಂಬರ್ ಬಂದರೆ ಗಿರಾಕಿಗಳು ಕುತ್ತಿಗೆಯ ಅಳತೆ ಕೊಡಲು ಹೆದರಿ, "ಹಳೇ ಅಳತೀನ ಇರ್ಲಿ" ಎಂದು ಬಟ್ಟೆ ಇಟ್ಟು ಹೋಗುತ್ತಿದ್ದರು. ಅವನು ಇದನ್ನು ಮನಸ್ಸಿಗೆ ಹಚ್ಚಿಕೊಂಡವನಲ್ಲ. ಮನಸ್ಸಿಗೆ ಹಚ್ಚಿಕೊಂಡವಳು ಸುಲ್ತಾನಿ.

ಸುಲ್ತಾನಿ ಅವನ ತಾಯಿ ಪೀರಬಿಯ ಎಮ್ಮೆ. ಆರು ವರ್ಷ ಪೀರಬಿಯ ಬೆಚ್ಚನೆಯ ಕೈ ಬಿಟ್ಟರೆ ಬೇರೆ ಕೈ ಕಂಡವಳಲ್ಲ. ಪೀರಬಿ ಮಗಳ ಎರಡನೇ ಬಾಣಂತನಕ್ಕೆಂದು ಚಡಚಣಕ್ಕೆ ಹೋದಳು, ಹಿಂಡುವ ಕೆಲಸ ಮಗನ ಕೊರಳಿಗೆ ಬಿತ್ತು. ಹೆಂಡತಿ ಜಾಸ್ಮಿನಳನ್ನು ಸುಲ್ತಾನಿ ಹತ್ತಿರವೇ ಬಿಟ್ಟುಕೊಳ್ಳುತ್ತಿರಲಿಲ್ಲ. ಅತ್ತೆಯ ಎಮ್ಮೆ, ಅತ್ತೆಯ ಪಕ್ಷ.

ಬಸ್ಸು ಹತ್ತುವಾಗ ಪೀರಬಿ ಹೇಳಿದ್ದು ಒಂದೇ ಮಾತು: "ನಾ ಬರೂದ್ರಾಗ ಎಮ್ಮಿ ಬತ್ತಿಸಿದ್ಯೋ, ಹೊಳ್ಳಿ ಚಡಚಣಕ್ಕ ಹೋಗ್ತೇನಿ. ಆಮ್ಯಾಲೆ ಈ ಮನೀಗಿ ಕಾಲಿಡೂದಿಲ್ಲ."

ಪೀರಬಿ ಆಡಿದ ಮಾತಿಗೆ ತಪ್ಪುವವಳಲ್ಲ. ಇತ್ತ ಐದು ಲೀಟರ್ ಹಾಲು ಮೂರಕ್ಕೆ ಇಳಿಯಿತು, ಮೂರು ಒಂದಕ್ಕೆ. ಪೀರಬಿ ಮೊದಲ ಬಸ್ಸಿಗೆ ಮರಳಿ ಬರಲು ಒಂದೇ ದಿನ ಉಳಿದಿತ್ತು. ಆ ದಿನ ನಸುಕಿನಲ್ಲಿ ಹಾಜಿಮಲಂಗ ಕೆಚ್ಚಲಿಗೆ ಕೈ ಇಟ್ಟದ್ದೇ ತಡ, ಬಕೀಟು ಒಂದು ಕಡೆ ಹೋಯಿತು, ಅವನು ಇನ್ನೊಂದು ಕಡೆ. ಹಾಲು ಕೊಡುವ ಎಮ್ಮೆಯ ಒದೆ ತಿನ್ನಬೇಕು ಎನ್ನುತ್ತಾರೆ. ಇವಳು ಹಾಲು ಕೊಡದೆಯೇ ಒದೆ ಕೊಟ್ಟಿದ್ದಳು.

ಸದ್ದು ಕೇಳಿ ಪಕ್ಕದ ಮನೆಯ ಶ್ರೀಶೈಲಪ್ಪ ಗೋಡೆಯ ಮೇಲಿಂದ ತಲೆ ಹಾಕಿದ. ಅವನಿಗೆ ಗೊತ್ತಿಲ್ಲದ ವಿಷಯವಿರಲಿಲ್ಲ, ಮಾಡಿ ನೋಡಿದ ವಿಷಯವೂ ಇರಲಿಲ್ಲ.

"ಕೈ ಬಿಸಿ ಮಾಡ್ಕೊಂಡು ಹಿಂಡೋ ಮಲಂಗ್ಯಾ."

"ಬಿಸಿನೀರಾಗ ಅದ್ದೇನ್ರಿ ಕಾಕಾ. ಒಲಿಯಿಂದ ಇಲ್ಲಿಗೆ ಬರೂದ್ರಾಗ ಮೊದಲಿಗಿಂತ ತಣ್ಣಗ ಆಗ್ತಾವ."

"ಬೆಂಕಿಗೆ ಹಿಡಿ."

"ಹಿಡದೇನ್ರಿ. ಹೊಗಿ ವಾಸನಿಗೆ ಹಗ್ಗಾ ಹರಕೊಂಡ್ಲು."

ಬೆಂಕಿಯಿಂದ ಕೆಚ್ಚಲಿನವರೆಗೆ ಕಾವು ಹೊತ್ತು ತರುವುದು ಹೇಗೆ? ಹಾಜಿಮಲಂಗ ಎಷ್ಟೆಂದರೂ ಟೇಲರ್. ಬೆಳಗಿನ ಚಹಾ ಮುಗಿಯುವ ಹೊತ್ತಿಗೆ ಕತ್ತರಿಸುವ ಮೇಜಿನ ಮೇಲೆ ಅಂಗೈ ಊರಿ, ಸೀಮೆಸುಣ್ಣದಿಂದ ಸುತ್ತ ಗೆರೆ ಎಳೆದಿದ್ದ. ಹೊರಗೆ ಪ್ಯಾಂಟಿನ ದಪ್ಪ ಬಟ್ಟೆ, ಒಳಗೆ ಹಳೆಯ ಫ್ಲಾನೆಲ್, ನಡುವೆ ಹತ್ತಿ. ಐದೂ ಬೆರಳು ಬಿಡಿಬಿಡಿಯಾಗಿ ಹೊಲಿದು ನೋಡಿದ, ಒಂದೊಂದೂ ಬಾಳೆಹಣ್ಣಿನಷ್ಟಾಯಿತು. ಬಿಚ್ಚಿದ. ನಾಲ್ಕು ಬೆರಳಿಗೆ ಒಂದೇ ಮನೆ, ಹೆಬ್ಬೆರಳಿಗೆ ಬೇರೆ ಮನೆ ಎಂದು ತೀರ್ಮಾನಿಸಿದ. ಬೆರಳುಗಳು ಒಂದರ ಕಾವನ್ನು ಒಂದು ಹಂಚಿಕೊಳ್ಳಲಿ ಎಂಬುದು ಲೆಕ್ಕ.

ಅಷ್ಟರಲ್ಲಿ ತುಂಬಲು ತಂದಿದ್ದ ಅರಳೆ ತೀರಿತು. ಎದುರು ಮನೆಯ ಗುರವ್ವ ಉಡಿಯ ತುಂಬ ತನ್ನ ಹೊಲದ ಹತ್ತಿ ತಂದು ಸುರುವಿದಳು, ಕಾಳು ಬಿಡಿಸದ ಹತ್ತಿ.

"ಕಾಳು ತಗದು ತುಂಬ್ರಿ" ಎಂದಳು ಜಾಸ್ಮಿನ.

"ತಗೀಬ್ಯಾಡ!" ಎಂದ ಶ್ರೀಶೈಲಪ್ಪ. ಅವನು ಆಗಲೇ ಗೋಡೆ ಬಿಟ್ಟು ಅಂಗಡಿಯೊಳಗೆ ಕುಂತಿದ್ದ. "ಹತ್ತಿಕಾಳಿನಾಗ ಎಣ್ಣಿ ಐತಿ. ಎಣ್ಣಿ ಅಂದ್ರ ಕಾವು. ಕಾಳಿದ್ರ ಇಮ್ಮಡಿ ಬೆಚ್ಚಗ."

ಒಂದು ಕಾಳು ಬಿಡಿಸುವ ಶ್ರಮ ಉಳಿಯುತ್ತದೆ ಎಂದರೆ ಯಾವ ಶಾಸ್ತ್ರವನ್ನಾದರೂ ಮನುಷ್ಯ ಒಪ್ಪುತ್ತಾನೆ. ಹಾಜಿಮಲಂಗ ಕಾಳುಸಹಿತ ತುಂಬಿ, ಕೌದಿಯ ಹಾಗೆ ಸಾಲುಸಾಲಾಗಿ ಹೊಲಿದ. ಸಂಜೆಗೆ ಕೈಗವಸಿನ ಜೋಡಿ ಸಿದ್ಧವಾಯಿತು. ಹಾಕಿಕೊಂಡು ಸ್ವಲ್ಪ ಹೊತ್ತಾದ ಮೇಲೆ, ಜೀವನದಲ್ಲಿ ಮೊದಲ ಸಲ, ಅವನ ಬೆರಳುಗಳು ಬೆವೆತವು. ಅವನಿಗೆ ಸಂತೋಷ ತಡೆಯಲಾಗಲಿಲ್ಲ. ಮೂಗು ತುರಿಸಿತು, ಅದನ್ನು ಜಾಸ್ಮಿನಳೇ ತುರಿಸಬೇಕಾಯಿತು.

ಹೊತ್ತು ಮುಳುಗುವಾಗ ಮೆರವಣಿಗೆ ಕೊಟ್ಟಿಗೆಗೆ ಹೊರಟಿತು. ಹಾಜಿಮಲಂಗ ಎಡಗೈಯದನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿದ, ಬಲಗೈಯದನ್ನು ಮೇವಿನ ಗೋದಲಿಯ ಅಂಚಿಗೆ ಇಟ್ಟ, ಬಿಸ್ಮಿಲ್ಲಾ ಎಂದು ಕುಂತ. ಸುಲ್ತಾನಿ ಕಾಲು ಎತ್ತಲಿಲ್ಲ. ಹಾಲು ಬಕೀಟಿನೊಳಗೆ ಜೋರಾಗಿ ಬೀಳತೊಡಗಿತು.

"ನೋಡಿದ್ರೇನು? ನನ್ನ ಎಣ್ಣಿ ಕಾವು!" ಎಂದ ಶ್ರೀಶೈಲಪ್ಪ.

"ನನ್ನ ಹತ್ತಿ" ಎಂದಳು ಗುರವ್ವ.

ಹಾಜಿಮಲಂಗ ತಲೆ ಎತ್ತಿ ನೋಡಿದ. ಸುಲ್ತಾನಿ ಬಲಗೈಯ ಕೈಗವಸನ್ನು ಬಾಯಲ್ಲಿ ಹಿಡಿದು, ಹೊಲಿಗೆ ಹರಿದು, ಒಳಗಿನ ಹತ್ತಿಕಾಳನ್ನು ಕಣ್ಣು ಮುಚ್ಚಿ ಮೆಲ್ಲುತ್ತಿದ್ದಳು. ಅವನು ಎದ್ದು ಜಗ್ಗಿದ, ಹಾಲು ನಿಂತಿತು. ಕೈ ಬಿಟ್ಟು ಕುಂತ, ಹಾಲು ಬಂತು. ಒಂದು ದಿನದ ಹೊಲಿಗೆ ಹೋದರೆ ಹೋಗಲಿ, ತಾಯಿ ಮನೆಯಲ್ಲಿ ಉಳಿಯುತ್ತಾಳಲ್ಲ ಎಂದುಕೊಂಡ. ಐದು ಲೀಟರಿಗೆ ಒಂದು ಲೋಟ ಹೆಚ್ಚೇ ಆಯಿತು.

ಮರುದಿನ ಮೊದಲ ಬಸ್ಸಿಗೆ ಪೀರಬಿ ಬಂದಿಳಿದಳು. ಹಿಂದಿನ ಸಂಜೆಯ ಹಾಲಿನ ಸುದ್ದಿ ಕೇಳಿ ಮಗನ ತಲೆ ಸವರಿದಳು. "ನನ್ನ ಮಗಾ ಹಗುರದಾಂವ ಅಲ್ಲ. ಸರಿ, ಇವತ್ತಿಂದ ನಾ ಹಿಂಡತೇನಿ" ಎಂದು ಬಕೀಟು ಹಿಡಿದು ಕುಂತಳು. ಹಾಜಿಮಲಂಗನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಸುಲ್ತಾನಿ ಹೊರಳಿ ನೋಡಿದಳು. ಪೀರಬಿಯ ಬರಿಗೈಗಳನ್ನು ಒಮ್ಮೆ ಮೂಸಿದಳು. ಆರು ವರ್ಷಗಳಲ್ಲಿ ಮೊದಲ ಬಾರಿಗೆ ಒಡತಿಯ ಬಕೀಟನ್ನು ಒದ್ದಳು.

"ಯಾ ಅಲ್ಲಾ! ಏನ ಕಲಿಸೀಯೋ ಇಕೀಗಿ?"

ಶ್ರೀಶೈಲಪ್ಪ ಗೋಡೆ ದಾಟಿ ಬುಟ್ಟಿ ತುಂಬ ಹತ್ತಿಕಾಳು ತಂದಿಟ್ಟ. ಸುಲ್ತಾನಿ ಮುಖ ತಿರುಗಿಸಿದಳು. ಬುಟ್ಟಿಯದನ್ನು ಎಲ್ಲ ಎಮ್ಮೆಗಳೂ ತಿನ್ನುತ್ತವೆ. ಕೊನೆಗೆ ಜಾಸ್ಮಿನ ಒಳಗಿನಿಂದ ಉಳಿದಿದ್ದ ಎಡಗೈಯ ಕೈಗವಸು ತಂದು ಗೋದಲಿಗೆ ಎಸೆದಳು. ಹಾಜಿಮಲಂಗ ಗಡಿಬಿಡಿಯಿಂದ ಕುಂತು ಮಂಜುಗಡ್ಡೆಯಂಥ ಕೈಯಿಂದ ಹಿಂಡಿದ. ಸುಲ್ತಾನಿ ಆ ತಣ್ಣನೆಯ ಕೈಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹಾಲು ಧಾರಾಳವಾಗಿ ಬಂತು.

ಪೀರಬಿ ಕೆಳಗೆ ಬಿದ್ದ ಹರಿದ ಬಟ್ಟೆಯನ್ನು ಎತ್ತಿ, ತಿರುವಿ ನೋಡಿದಳು.

"ಹೊಲಿಗಿ ಚಲೋ ಹಾಕೀಯಪ್ಪಾ. ಸಂಜಿಗೊಂದು, ನಾಳೆ ಮುಂಜಾನಿಗೊಂದು ಹೊಲದಿಡು. ಮತ್ತ ಹಿಂಡೂದು ನೀನ. ನನ್ನ ಕೈ ಅಕೀಗಿ ಇನ್ನ ಸೇರೂದಿಲ್ಲ."

ಹಾಜಿಮಲಂಗ ಬೆರಳುಗಳಿಗೆ ಬಾಯಿಂದ ಬಿಸಿ ಊದಿಕೊಳ್ಳುತ್ತ ಹೋಗಿ ಮಷೀನಿನ ಮುಂದೆ ಕುಂತ.